ಎರಡು ತಳದ ಬೋಟು

ಬೋಟಿನ ತಳ ಚಪ್ಪಟೆಯಾಗಿದ್ದರೆ ಓಡುತ್ತದೆ. ಚೂಪಾಗಿದ್ದರೆ ತೆರೆಯನ್ನು ಸೀಳುತ್ತದೆ. ಎರಡನ್ನೂ ಒಂದೇ ಬೋಟಿನಲ್ಲಿ ಕೇಳುವವನು ಬೋಟು ಹತ್ತದವನೇ ಆಗಿರಬೇಕು. ಮೂವತ್ತೊಂದು ವರ್ಷ ಬೋಟು ಕಟ್ಟಿದ ನಾನು ಇದನ್ನು ಯಾರಿಗೆ ಬೇಕಾದರೂ ಎದೆ ತಟ್ಟಿ ಹೇಳುತ್ತಿದ್ದೆ. ಚಪ್ಪಟೆ ತಳ ವೇಗ ಸಿಕ್ಕಿದೊಡನೆ ನೀರಿನ ಮೇಲೆ ಎದ್ದು ಜಾರುತ್ತದೆ, ಸರಿ. ಆದರೆ ಎದುರು ತೆರೆ ಬಂದರೆ ಮಾಳಿಗೆಯಿಂದ ಅಂಗಳಕ್ಕೆ ಬಿದ್ದ ಹಾಗೆ ಬಡಿಯುತ್ತದೆ. ಚೂಪು ತಳ ಮೆತ್ತಗೆ ಹೋಗುತ್ತದೆ. ಆದರೆ ಅರ್ಧ ಮೈ ನೀರೊಳಗೇ ಇಟ್ಟುಕೊಂಡು, ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಹೋಗುತ್ತದೆ.

ನಮಗೆ ಬೇಕಾದದ್ದು ಎರಡೂ.

ನಮ್ಮೂರು ತೆಂಕುಕೋಡಿ. ಹಿಂದೆ ಕಡಲಿಗೂ ಹೊಳೆಗೂ ನಡುವೆ ಚಾಚಿಕೊಂಡಿದ್ದ ಮರಳಿನ ನಾಲಗೆ, ಈಗ ದ್ವೀಪ. ಕಡಲು ವರ್ಷ ವರ್ಷ ಏರಿತು, ಒಂದು ಮಳೆಗಾಲ ನಾಲಗೆಯ ಬುಡವನ್ನೇ ಕತ್ತರಿಸಿತು, ರಸ್ತೆ ಹೋಯಿತು. ಹೊಳೆಯ ಬದಿ ಮರಳು ತುಂಬಿ, ಬೋಟು ಹೋಗುವಷ್ಟು ನೀರಿಲ್ಲ. ಆಸ್ಪತ್ರೆಗೆ ಹೋಗಬೇಕೆಂದರೆ ಹೊರಗಿನ ಕಡಲಿಗೆ ಇಳಿದು, ಹದಿನಾರು ಕಿಲೋಮೀಟರು ಬಡಗು ದಿಕ್ಕಿಗೆ ಓಡಿ, ಹೊಳೆ ಕಡಲು ಸೇರುವ ಅಳಿವೆಯನ್ನು ದಾಟಿ ಬೋಟುಗಳು ನಿಲ್ಲುವ ಪಟ್ಟಣದ ಧಕ್ಕೆ ಮುಟ್ಟಬೇಕು. ಮಳೆಗಾಲದಲ್ಲಿ ಆ ಅಳಿವೆಯಲ್ಲಿ ತೆರೆ ಮೂರು ಕಡೆಯಿಂದ ಬರುತ್ತದೆ.

ಇಂಥ ಊರುಗಳಿಗೆಲ್ಲ ಸ್ಥಳಾಂತರ ಇಲಾಖೆ ಒಂದು ನಿಯಮ ಮಾಡಿತ್ತು. ಯಾವ ಕಾಲದಲ್ಲೇ ಆಗಲಿ, ರೋಗಿಯನ್ನು ಇಪ್ಪತ್ತು ನಿಮಿಷದೊಳಗೆ ಧಕ್ಕೆಗೆ ಮುಟ್ಟಿಸಬೇಕು. ದಾರಿಯಲ್ಲಿ ರೋಗಿಯ ಕುತ್ತಿಗೆಗೆ ಬೀಳುವ ಪೆಟ್ಟು ಒಂದು ಮಿತಿ ಮೀರಬಾರದು. ಆಗದಿದ್ದರೆ ಊರು ಖಾಲಿ. ನಮ್ಮ ಆಂಬುಲೆನ್ಸ್ ಬೋಟಿಗೆ ಮೂವತ್ತನಾಲ್ಕು ನಿಮಿಷ ಬೇಕಿತ್ತು. ಅದಕ್ಕಿಂತ ಜೋರಾಗಿ ಓಡಿಸಿದ ದಿನ ಸೊಂಟ ಮುರಿದುಕೊಂಡಿದ್ದ ಒಬ್ಬ ಹೆಂಗಸು "ನನ್ನನ್ನು ಕಡಲಿಗೇ ಹಾಕಿ" ಎಂದು ಕಿರುಚಿದ್ದಳು. ಆ ದಿನ ಅವಳ ತಲೆ ಹಿಡಿದುಕೊಂಡು ಕೂತಿದ್ದವಳು ನನ್ನ ಹೆಂಡತಿ ಗುಲಾಬಿ. ಊರಿನ ನರ್ಸ್ ಅವಳೇ.

ಆಷಾಢದಲ್ಲಿ ಮೂರು ಓಟದ ಪರೀಕ್ಷೆ. ಸೋತರೆ ಮುನ್ನೂರ ಹನ್ನೆರಡು ಮನೆ ದೀಪಾವಳಿಯೊಳಗೆ ಎದ್ದು ಹೋಗಬೇಕು. ಅದರಲ್ಲೊಂದು ನನ್ನದು.

ಡಾಕ್ಟರ್ ಮಹಾನಂದಾ ಬಿರಾದಾರ ಎಂಬ ವಿಜ್ಞಾನಿ ಪಟ್ಟಣದ ಕಡಲ ಪ್ರಯೋಗಾಲಯದಲ್ಲಿದ್ದಳು. ವಿಜಯಪುರದ ಕಡೆಯವಳು. ಇಪ್ಪತ್ತೆರಡು ವರ್ಷವಾಗುವವರೆಗೆ ಕಡಲನ್ನೇ ಕಂಡಿರಲಿಲ್ಲವಂತೆ. ಮಾರ್ಚಿನಲ್ಲಿ ಅವಳು ನನ್ನನ್ನು ಕರೆಸಿ, ಕಪ್ಪು ರಬ್ಬರಿನಂಥ ಒಂದು ಹಾಳೆಯನ್ನು ಮೇಜಿನ ಮೇಲೆ ಹಾಸಿದಳು. ಅದರ ತುಂಬ ಐದು ರೂಪಾಯಿ ಬಿಲ್ಲೆಯಷ್ಟಗಲದ ಗುಳ್ಳೆಗಳು. ಒಂದೊಂದು ಗುಳ್ಳೆಯ ನೆತ್ತಿಗೂ ಸೂಜಿಮೊನೆಯಷ್ಟು ತೂತು.

"ಕೈ ಒತ್ರಿ, ಅಣ್ಣಾರ," ಎಂದಳು.

ಒತ್ತಿದೆ. ಕೈಯಡಿ ಏನೋ ಜೀವ ಬಂದ ಹಾಗೆ ಎದ್ದು, ನನ್ನ ಅಂಗೈಗೆ ಚೂಪಾದ ಏಣು ತಗಲಿತು. ಕೈ ತೆಗೆದೆ. ಮತ್ತೆ ಚಪ್ಪಟೆ.

"ಆ ತೂತಿನಾಗ ನೀರಿನ ಒತ್ತಡ ಗೊತ್ತಾಗ್ತದ. ಒಳಗಿನ ಪ್ಲಾಸ್ಟಿಕ್ಕಿಗೆ ಕರೆಂಟ್ ಹರಿದ್ರ ಉಬ್ಬತೈತಿ. ತೆರಿ ಬಂತು ಅಂದ್ರ ತಳ ಚೂಪು, ತೆರಿ ಹೋತು ಅಂದ್ರ ಚಪ್ಪಟಿ. ಒಂದು ಸೆಕೆಂಡಿನ ಇಪ್ಪತ್ತನೇ ಪಾಲಿನಾಗ. ಬೋಟಿನ ತಳದ ತುಂಬ ಇಂಥಾವು ಒಂಬತ್ತು ಸಾವಿರ ಅಂಟಿಸಬೇಕ್ರಿ."

ಮೂವತ್ತೊಂದು ವರ್ಷ ಎದೆ ತಟ್ಟಿ ಹೇಳಿದ ಮಾತು ಒಂದು ರಬ್ಬರು ಹಾಳೆಯ ಮೇಲೆ ಸತ್ತು ಬಿದ್ದಿತ್ತು. ಆದರೆ ಅವಳು ಬೋಟಿನ ನಕ್ಷೆ ಬಿಡಿಸಿದಾಗ ನನ್ನ ಬಾಯಿ ವಾಪಸು ಬಂತು. ತಳ ಮತ್ತು ಮಗ್ಗುಲು ಕೂಡುವ ಅಂಚನ್ನು ಚಂದಕ್ಕೆ ಗುಂಡಗೆ ಮಾಡಿದ್ದಳು.

"ಇದ್ಯಾರ್ ಮೇಡಂ ಮಾಡದ್? ಬೋಟಾ, ಬಚ್ಚಲ್ ತೊಟ್ಟಿಯಾ?"

"ಕಂಪ್ಯೂಟರ್ ಹಾಂಗ ಹೇಳೇತ್ರಿ."

"ಕಂಪ್ಯೂಟರಿಗೆ ಹೇಳಿ, ನೀರ್ ತಳಕ್ಕೆ ಅಂಟ್‌ಕಂಡ್ರೆ ಬಿಡುದಿಲ್ಲೆ. ಅಂಚ್ ಗುಂಡಗಾದ್ರೆ ನೀರ್ ಮಗ್ಗುಲ್ ಹತ್ತಿ ಬೋಟ್ ಹಿಂದ್ ಎಳಿತ್ತ್. ಅಂಚ್ ಕತ್ತಿ ಹಾಂಗ್ ಇರ್ಕ್. ನೀರ್ ಅಲ್ಲೇ ಕಡ್ದ್ ಬೀಳ್ಕ್."

ಅವಳಿಗೂ ಸಿಟ್ಟು ಬಂತು. ಅಲೆ ಎಬ್ಬಿಸುವ ಉದ್ದನೆಯ ತೊಟ್ಟಿಯ ಹತ್ತಿರ ಎಳೆದುಕೊಂಡು ಹೋದಳು. ಎರಡು ಮಾದರಿ ಮಾಡಿ ಓಡಿಸಿದೆವು. ನನ್ನ ಚೂಪು ಅಂಚಿನದು ಹತ್ತರಲ್ಲೊಂದು ಪಾಲು ಹೆಚ್ಚು ಓಡಿತು. ಅವಳು ಪರದೆಯನ್ನು ಎರಡು ಸಲ ನೋಡಿ, "ಕತ್ತಿ ಹಂಗ ಮಾಡ್ರಿ," ಎಂದಳು. ಅಷ್ಟೇ. ನನಗೆ ಅವಳು ಅಂದಿನಿಂದ ಹಿಡಿಸಿದಳು.

ಹಳೆಯ ಆಂಬುಲೆನ್ಸ್ ಬೋಟನ್ನೇ ತೆಂಕುಕೋಡಿಯ ನನ್ನ ಶೆಡ್ಡಿಗೆ ಏರಿಸಿದೆವು. ಹನ್ನೊಂದು ಮೀಟರಿನ ಫೈಬರ್ ಬೋಟು. ಗ್ರೈಂಡರ್ ಹಿಡಿದು ತಳದ ಬಣ್ಣವನ್ನೆಲ್ಲ ಕೆರೆದೆ. ಅಂಚಿಗೆ ಹೊಸ ಫೈಬರ್ ಪದರ ಕೊಟ್ಟು ಚೂಪು ಮಾಡಿದೆ. ತಳದ ನಡುಭಾಗದಲ್ಲಿ ಅಡ್ಡಕ್ಕೆ ಒಂದು ಮೆಟ್ಟಿಲು ಕಡಿದೆ. ಓಡುವಾಗ ಅದರ ಹಿಂದೆ ಗಾಳಿ ನುಗ್ಗಿ ನೀರನ್ನು ತಳದಿಂದ ಬಿಡಿಸುತ್ತದೆ. ಬ್ಯಾಟರಿಗಳನ್ನು ಹಿಂದಿನಿಂದ ಎರಡು ಅಡಿ ಮುಂದಕ್ಕೆ ತಂದೆ, ಮೂತಿ ಆಕಾಶ ನೋಡದಿರಲಿ ಎಂದು. ಮೇಲೆ ಗುಳ್ಳೆಯ ಹಾಳೆ. ಏಪ್ರಿಲ್, ಮೇ ಎರಡೂ ತಿಂಗಳು ಅದಕ್ಕೇ ಹೋಯಿತು.

ಮನೆಯಲ್ಲಿ ಬೇರೆ ಗಡಿಬಿಡಿ. ಊರಿನ ಶಾಲೆಯನ್ನು ಆಗಲೇ ಪಟ್ಟಣಕ್ಕೆ ಸಾಗಿಸಿದ್ದರು. ಪಕ್ಕದ ಮನೆಯವರು ಬಾಗಿಲು, ಕಿಟಕಿ ಬಿಚ್ಚಿ ಸಂಖ್ಯೆ ಬರೆದು ಜೋಡಿಸಿಟ್ಟಿದ್ದರು, ಹೋದಲ್ಲಿ ಕೂರಿಸಲಿಕ್ಕೆ. ಕಿಟಕಿಯ ಜಾಗದಲ್ಲಿ ಟಾರ್ಪಾಲು. ಜನ ಎರಡೂ ಕಡೆ ಕಾಲಿಟ್ಟು ಬದುಕುವುದನ್ನು ಕಲಿತಿದ್ದರು.

"ನಮ್ದೂ ಬಿಚ್ಚುದಾ?" ಎಂದು ಗುಲಾಬಿ ಒಂದು ಮಧ್ಯಾಹ್ನ ಅನ್ನ ಬಡಿಸುತ್ತ ಕೇಳಿದಳು.

"ಬೋಟ್ ಮುಗ್ದಿಲ್ಲೆ. ಮುಗುದ್ರೊಳಗೆ ಬಾಗ್ಲ್ ಬಿಚ್ಚುದಾ?"

"ನಂಗೆ ಸಿಟ್ಟ್ ಮಾಡ್ಬೇಡಿ. ನಾನ್ ಕೇಂಡದ್ ಬೋಟ್ ಓಡುತ್ತಾ ಅಂತ."

"ಓಡುತ್ತ್."

"ಮನಿಕಂಡವ್ರಿಗೆ?"

"ಎಂತ ಮನಿಕಂಡವ್ರಿಗೆ?"

"ನೀವ್ ಬೋಟ್ ಕಟ್ಟುದ್ ನಿಂತ್ಕಂಡವ್ರಿಗೆ. ನಿಂತವ್ನಿಗೆ ಮೊಣಕಾಲ್ ಇತ್ತ್, ಪೆಟ್ಟ್ ಅಲ್ಲೇ ನಿಲ್ಲುತ್ತ್. ಬೆನ್ ಮೇಲೆ ಮನಿಕಂಡವ್ನಿಗೆ ಸಮುದ್ರ ಸೀದಾ ತಲೆಗೆ ಬತ್ತ್. ಒಂದ್ ಸಲ ಮನಿಕಂಡ್ ಕಾಣಿ."

ಬಂಗಡೆ ಸಾರು ಚೆನ್ನಾಗಿತ್ತು, ಆದ್ದರಿಂದ ಜಗಳ ಬೆಳೆಯಲಿಲ್ಲ. ಆದರೆ ಮರುದಿನ ಹೋಗಿ ಸ್ಟ್ರೆಚರನ್ನು ಮುಂದಿನಿಂದ ಕಿತ್ತು, ತಳ ಕಡಿಮೆ ಹಾರುವ ಹಿಂಭಾಗಕ್ಕೆ ಕೂರಿಸಿದೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ಒಂದು ವಾರ ನಗುತ್ತಾಳೆ.

ಜೂನ್ ಮೊದಲ ವಾರ ಬೋಟು ನೀರಿಗಿಳಿಸುವ ದಿನ ಬಂತು. ಮಹಾನಂದಾ ಪ್ರಯೋಗಾಲಯದಲ್ಲಿ ಪರದೆಯ ಮುಂದೆ ಕೂರಬೇಕಿತ್ತು. ಒಂಬತ್ತು ಸಾವಿರ ಗುಳ್ಳೆಗಳೂ ಅವಳಿಗೆ ರೇಡಿಯೋದಲ್ಲಿ ವರದಿ ಕೊಡುತ್ತಿದ್ದವು. ಹಿಂದಿನ ದಿನವೇ ಬೋಟಿನ ಮೂತಿಗೆ 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿ ಹೋಗಿದ್ದಳು. ನಮ್ಮಲ್ಲಿ ಹೊಸ ಬೋಟಿಗೆ ಊರಿನ ಪ್ರತಿ ಮನೆಯವರೂ ಬಂದು ಒಂದು ಅಂಗೈ ಬೂತಾಯಿ ಮೀನಿನ ಎಣ್ಣೆಯನ್ನು ಮೂತಿಗೆ ಸವರುತ್ತಾರೆ. ಮರದ ಬೋಟಿನ ಕಾಲದಲ್ಲಿ ಹುಳ ಹಿಡಿಯದಿರಲೆಂದು ಮಾಡುತ್ತಿದ್ದದ್ದು; ಮರ ಹೋಯಿತು, ಪದ್ಧತಿ ಉಳಿಯಿತು. ಜನ ಬಟ್ಟಲು ಹಿಡಿದು ಸಾಲು ನಿಂತಿದ್ದರು. ಆ ಸಾಲನ್ನು ಕಂಡು ನಾನೇ ಚೀಟಿ ಕಿತ್ತೆ.

ಮೊದಲ ಓಟಕ್ಕೆ ಚುಕ್ಕಾಣಿ ಹಿಡಿದವನು ಸಂಜೀವ ಖಾರ್ವಿ, ನಮ್ಮೂರ ತಾಂಡೇಲ. ಇಪ್ಪತ್ತು ವರ್ಷ ಮೀನುಗಾರಿಕೆ ಬೋಟು ನಡೆಸಿದವನು, ಮಾತು ಕಡಿಮೆ. ಗಂಟೆಗೆ ಐವತ್ತೈದು ಕಿಲೋಮೀಟರು ಮುಟ್ಟಿದಾಗ ತಳದಡಿ ಗುಳ್ಳೆಗಳು ಪಟಪಟನೆ ಕೆಲಸ ಮಾಡುವ ಸದ್ದು ಕೇಳಿತು. ಎದುರು ತೆರೆ ಬಂತು, ನಾನು ಹಲ್ಲು ಕಚ್ಚಿದೆ. ಬಡಿತವೇ ಇಲ್ಲ. ತೆರೆ ನಮ್ಮ ಕೆಳಗೆ ಸೀಳಿ ಹೋಯಿತು.

"ದಾಮಣ್ಣ, ಇದ್ ಬೋಟ್ ಅಲ್ಲ ಮರಾಯ," ಎಂದು ಸಂಜೀವ ನಕ್ಕ.

ಅಳಿವೆಗೆ ತಿರುಗುವಾಗ ನಗು ನಿಂತಿತು. ಅವನು ಚುಕ್ಕಾಣಿಯನ್ನು ಬಲಕ್ಕೆ ಹಾಕಿದ. ಬೋಟು ಎಡಕ್ಕೆ ಕಚ್ಚಿತು. ಯಾರೋ ಎಡಗಿವಿ ಹಿಡಿದು ಎಳೆದ ಹಾಗೆ ಇಡೀ ಬೋಟು ಸುತ್ತಿ, ಮರಳದಿಬ್ಬದ ಮೇಲೆ ಒಡೆಯುತ್ತಿದ್ದ ನೊರೆಯ ಕಡೆ ಹೊರಟಿತು. ಸಂಜೀವ ಎಂಜಿನ್ ಪೂರ್ತಿ ಹಿಂದಕ್ಕೆ ಕೊಟ್ಟ. ನಾನು ಹಾರಿ ಹೋಗಿ ಕಂಬಕ್ಕೆ ಬಿದ್ದೆ. ದಿಬ್ಬಕ್ಕೆ ಎರಡು ಮಾರು ಇರುವಾಗ ಬೋಟು ನಿಂತಿತು. ಸಂಜೀವನ ಹಣೆಯಿಂದ ರಕ್ತ.

ಪ್ರಯೋಗಾಲಯದ ಪರದೆ ಕೋಣೆಗೆ ನಾನು ಒದ್ದೆ ಬಟ್ಟೆಯಲ್ಲೇ ನುಗ್ಗಿದೆ. ಏನೇನು ಬೈದೆ ಎಂದು ಇಲ್ಲಿ ಬರೆಯಲಾರೆ. ಕಡಲು ಕಾಣದವರು ಕಡಲಿನ ಕೆಲಸಕ್ಕೆ ಬರಬಾರದು ಎಂದದ್ದು ನೆನಪಿದೆ. ಅದೇ ಎಲ್ಲಕ್ಕಿಂತ ಮೆತ್ತಗಿನದು. ಮಹಾನಂದಾ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ತಳದ ಚಿತ್ರ. ಎಡಭಾಗ ಪೂರ್ತಿ ಹಸಿರು. ಬಲಭಾಗದ ಮುಂದಿನ ಮೂರನೇ ಒಂದು ಪಾಲು ಬೂದಿ ಬಣ್ಣ.

"ಈ ಗುಳ್ಳಿಗೋಳು ಸತ್ತಿಲ್ರಿ. ಕಣ್ಣು ಅರ್ಧ ಮುಚ್ಚಿಕೊಂಡಾವ. ತಿರುವಿನಾಗ ಎಡಗಡೆ ಚೂಪಾಗಿ ನೀರು ಹಿಡೀತು, ಬಲಗಡೆ ಹಿಡೀಲಿಲ್ಲ. ಅದಕ್ಕ ಎಡಕ್ಕ ಎಳೀತು. ಅಣ್ಣಾರ, ಬಲಗಡೆ ಮುಂದ ಏನು ಹಚ್ಚೀರಿ?"

ನನಗೆ ಶೆಡ್ಡು ಕಣ್ಣ ಮುಂದೆ ಬಂತು. ಬೋಟಿನ ಎಡಮಗ್ಗುಲು ಗೋಡೆಗೆ ತಾಗಿಕೊಂಡಿತ್ತು. ಜನರಿಗೆ ನಿಲ್ಲಲು ಜಾಗ ಇದ್ದದ್ದು ಬಲಗಡೆ ಮಾತ್ರ. ಮುನ್ನೂರ ಹನ್ನೆರಡು ಅಂಗೈ ಎಣ್ಣೆ, ಎಲ್ಲವೂ ಬಲಗಡೆ, ಮೂತಿಯಿಂದ ತಳಕ್ಕೆ ಇಳಿದಿತ್ತು.

"ಬೂತಾಯಿ ಎಣ್ಣೆ," ಎಂದೆ. "ಚೀಟಿ ಕಿತ್ತದ್ ನಾನೇ."

ಅವಳು ಬೈಯದೆ ಪರದೆಯ ಮೇಲೆ ಬೂದಿ ಬಣ್ಣದ ಗುಳ್ಳೆಗಳನ್ನು ಎಣಿಸತೊಡಗಿದ್ದೇ ಕಷ್ಟವಾಯಿತು. ಬೈದಿದ್ದರೆ ನಾನೂ ಬೈಯಬಹುದಿತ್ತು. ನನಗೆ ತಪ್ಪಾಯಿತು ಎನ್ನಲು ಬರುವುದಿಲ್ಲ. ಮೂರು ದಿನ ಸಾಬೂನು ನೀರು, ಮೆತ್ತನೆಯ ಬ್ರಷ್ಷು ಹಿಡಿದು ಬೋಟಿನಡಿ ಅಂಗಾತ ಮಲಗಿ ಒಂದೊಂದೇ ತೂತು ತೊಳೆದೆ. ಎರಡನೆಯ ದಿನ ಮಹಾನಂದಾ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಬ್ರಷ್ಷು ಹಿಡಿದು ಪಕ್ಕಕ್ಕೆ ಬಂದು ಮಲಗಿದಳು. ಕೈ ಕೆಲಸ ಮಾಡುತ್ತಿದ್ದರೂ ತಲೆ ಬೇರೆಲ್ಲೋ ಇತ್ತು.

"ಅಣ್ಣಾರ, ಒಂದು ವಿಚಿತ್ರ ಐತ್ರಿ. ತಿರುವು ಬಿಡ್ರಿ. ಸೀದಾ ಓಡುವಾಗ ಎಣ್ಣಿ ಹತ್ತಿದ ಕಡೀನ ಚೊಲೊ ಓಡೇತಿ. ಎಡಗಡೆ ಗುಳ್ಳಿ ಮೂರು ಪಟ್ಟು ಕರೆಂಟ್ ತಿಂದಾವ. ಸಣ್ಣ ಸಣ್ಣ ತೆರಿಗೂ ಉಬ್ಬಿ ಇಳದು, ಉಬ್ಬಿ ಇಳದು, ನೀರಿಗೆ ತಡಿ ಆಗ್ಯಾವ. ಬಲಗಡೆಯವು ದೊಡ್ಡ ತೆರಿಗಷ್ಟೇ ಎದ್ದಾವ."

ನನಗೆ ನಗು ಬಂತು. "ಅದರಲ್ಲಿ ವಿಚಿತ್ರ ಎಂತ ಮೇಡಂ? ಸಣ್ ತೆರೆಗೆಲ್ಲ ಚುಕ್ಕಾಣಿ ತಿರ್ಗ್ಸುವವ ತಾಂಡೇಲ ಅಲ್ಲ. ಸಂಜೀವನ್ನ ಕೇಣಿ. ಅವ ಸಣ್ ತೆರೆ ಕಾಣುದೇ ಇಲ್ಲೆ."

"ಮೂರು ವರ್ಷದಾಗ ಇದನ್ನ ನನಗ ಯಾರೂ ಹೇಳಿಲ್ಲಲ್ರಿ!"

"ನೀವ್ ಯಾರಿಗೂ ಕೇಂಡಿಲ್ಲೆ."

ಅವಳು ಎದ್ದು ಕೂತಳು. ತಲೆ ತಳಕ್ಕೆ ಬಡಿಯಿತು, ಲೆಕ್ಕಿಸಲಿಲ್ಲ. ಸಂಜೀವನನ್ನು ಕರೆಸಿದಳು. ಮುಂದಿನ ಹದಿನೈದು ದಿನ ಅವನನ್ನು ತನ್ನ ತೊಟ್ಟಿಯ ಪಕ್ಕ ಕೂರಿಸಿಕೊಂಡು, ಒಂದೊಂದು ಅಲೆ ಬಂದಾಗಲೂ "ಇದಕ್ಕ ಏನು ಮಾಡ್ತೀರಿ?" ಎಂದು ಕೇಳಿದಳು. ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಸಂಜೀವ ಹತ್ತರಲ್ಲಿ ಎಂಟು ಸಲ "ಎಂತ ಇಲ್ಲೆ" ಎಂದ. ಅವನ 'ಎಂತ ಇಲ್ಲೆ'ಯನ್ನೆಲ್ಲ ಅವಳು ಗುಳ್ಳೆಗಳಿಗೆ ಕಲಿಸಿದಳು. ಊರಿನವರಿಗೆ ಎಣ್ಣೆ ಸವರಲು ಬೋಟಿನ ನೀರು ಮುಟ್ಟದ ಮೇಲಂಚನ್ನು ಬಿಟ್ಟುಕೊಟ್ಟೆವು.

ಆಷಾಢದ ಪರೀಕ್ಷೆಗೆ ಸ್ಥಳಾಂತರ ಇಲಾಖೆಯಿಂದ ಜಯದೇವಪ್ಪ ಎಂಬ ಅಧಿಕಾರಿ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ನಮೂನೆ. ಮೊದಲೆರಡು ಓಟಕ್ಕೆ ಎಪ್ಪತ್ತು ಕಿಲೋ ತೂಕದ ರಬ್ಬರು ಬೊಂಬೆಯೇ ರೋಗಿ. ಹದಿನೆಂಟು ನಿಮಿಷ ನಲವತ್ತು ಸೆಕೆಂಡು. ಹತ್ತೊಂಬತ್ತು ನಿಮಿಷ ಐದು ಸೆಕೆಂಡು. ಕುತ್ತಿಗೆಯ ಪೆಟ್ಟು ಮಿತಿಯ ಅರ್ಧಕ್ಕೂ ಬರಲಿಲ್ಲ. ಜಯದೇವಪ್ಪ ಎರಡು ಸಲ ವಾಂತಿ ಮಾಡಿಕೊಂಡರು. ಆದರೆ ಗುರುತು ಹಾಕುವುದನ್ನು ಬಿಡಲಿಲ್ಲ, ಅದನ್ನು ಒಪ್ಪಬೇಕು.

"ಮೂರನೆಯ ಓಟಕ್ಕೆ ಜೀವಂತ ರೋಗಿ ಬೇಕು," ಎಂದರು. "ಊರಿನ ನರ್ಸ್ ಪುಸ್ತಕದಲ್ಲಿ ಹೆಸರಿರುವವರು, ರಕ್ತದೊತ್ತಡ ಇರುವವರು. ನಾಡಿಬಡಿತ ನಿಮಿಷಕ್ಕೆ ನೂರ ಮೂವತ್ತು ದಾಟಿದರೆ ಓಟ ರದ್ದು. ಇನ್ನೊಂದು ಅವಕಾಶ ಇಲ್ಲ."

ಗುಲಾಬಿ ಪುಸ್ತಕ ತೆರೆದಳು. ರಕ್ತದೊತ್ತಡದವರು ಹದಿಮೂರು ಜನ. ಒಂಬತ್ತು ಜನ ಎಪ್ಪತ್ತು ದಾಟಿದವರು, ಇಬ್ಬರು ಹೆಂಗಸರು ಬಸುರಿಯರು, ಒಬ್ಬ ಚುಕ್ಕಾಣಿ ಹಿಡಿಯಬೇಕಾದ ಸಂಜೀವ. ಹದಿಮೂರನೆಯ ಹೆಸರಿನ ಮೇಲೆ ಬೆರಳಿಟ್ಟು ತಲೆಯೆತ್ತಿ ನನ್ನನ್ನು ನೋಡಿದಳು.

"ಬೇರೆ ಯಾರೂ ಇಲ್ಲೆಯಾ?" ಎಂದ ಸಂಜೀವ. ನಿಜಕ್ಕೂ ಹೆದರಿದ್ದ. "ದಾಮಣ್ಣಂಗೆ ಚಾ ತಣ್ದ್ರೆ ನೂರ್ ಮೂವತ್ತ್ ಆತ್ತ್."

"ಮನಿಕಣಿ," ಎಂದಳು ಗುಲಾಬಿ.

ಮಲಗಿದೆ. ಹಣೆಗೆ, ಎದೆಗೆ, ತೊಡೆಗೆ ಬೆಲ್ಟು. ಬೆರಳಿಗೆ ನಾಡಿಯ ಕ್ಲಿಪ್ಪು. ಜಯದೇವಪ್ಪ ಬದಿಯಲ್ಲಿ ಸರಳು ಹಿಡಿದು ಕೂತರು. ಮಹಾನಂದಾ ಈ ಸಲ ಪರದೆ ಕೋಣೆ ಬಿಟ್ಟು ಧಕ್ಕೆಯಲ್ಲಿ ನಿಂತಿದ್ದಳು. ಹೊರಟಾಗ ನಾಡಿ ತೊಂಬತ್ತಾರು.

ನಾನು ಕಟ್ಟಿದ ಯಾವ ಬೋಟಿನಲ್ಲೂ ನಾನು ಮಲಗಿರಲಿಲ್ಲ. ಕಾಣುವುದು ಬರೀ ಮೇಲಿನ ಬಿಳಿ ಫೈಬರು. ಬೆನ್ನಿನಡಿ ಇಡೀ ಕಡಲು ಹಾದು ಹೋಗುತ್ತಿತ್ತು. ಗುಲಾಬಿ ಹೇಳಿದ್ದು ನಿಜ. ನಿಂತವನಿಗೆ ಗೊತ್ತೇ ಆಗದ ಸಣ್ಣ ಅದುರೂ ಮಲಗಿದವನ ತಲೆಬುರುಡೆಗೆ ಬರುತ್ತದೆ. ಆದರೆ ಅದುರು ಮಾತ್ರ, ಪೆಟ್ಟಲ್ಲ. ಗಡಿಯಾರ ಅವಳ ಕೈಯಲ್ಲಿತ್ತು, ಅವಳು ಆಗಾಗ ಹೇಳುತ್ತಿದ್ದಳು. ಹತ್ತು ನಿಮಿಷ. ಹದಿನಾಲ್ಕು. ಹದಿನಾರೂವರೆ, ಅಳಿವೆ ಎದುರಿಗೆ ಬಂತು.

ಅಲ್ಲಿ ಎಂಜಿನ್ನಿನ ಸದ್ದು ಇಳಿಯಿತು.

ಸಂಜೀವ ನಿಲ್ಲಿಸಿದ್ದ. ಬೋಟು ತೆರೆಯ ಮೇಲೆ ಏರಿ ಇಳಿಯುತ್ತ ಸುಮ್ಮನೆ ನಿಂತಿತು. ಐದು ಸೆಕೆಂಡು, ಹತ್ತು ಸೆಕೆಂಡು. ನನಗೆ ರಕ್ತ ತಲೆಗೇರಿತು. ಈ ತಳ ಯಾವ ತೆರೆಯನ್ನಾದರೂ ಸೀಳುತ್ತದೆ, ನುಗ್ಗು, ನುಗ್ಗೋ ಪೆದ್ದ, ಊರು ಹೋಗುತ್ತದೆ! ನಾಡಿ ಎಣಿಸುವ ಯಂತ್ರ ಕೂಗತೊಡಗಿತು.

"ನೂರ್ ಹತ್ತೊಂಬತ್ತ್," ಎಂದಳು ಗುಲಾಬಿ. "ನೂರ್ ಇಪ್ಪತ್ನಾಲ್ಕ್. ಕೇಂಡ್ರ್ಯಾ, ನೂರ್ ಇಪ್ಪತ್ನಾಲ್ಕ್."

"ಅವ ಎಂತಕ್ ನಿಲ್ಸದ್?"

"ರೋಗಿ ಮಾತಾಡುಕಾಗ. ನೂರ್ ಇಪ್ಪತ್ತೇಳ್."

ಬಾಯಿ ಮುಚ್ಚಿದೆ. ಬೆಲ್ಟಿನ ಹೊರಗೆ ಉಳಿದಿದ್ದದ್ದು ಬೆರಳುಗಳು ಮಾತ್ರ. ಅವು ಬೋಟಿನ ಒಳಮೈಗೆ ತಾಗಿದವು. ಅಲ್ಲಿ ಗುಳ್ಳೆಗಳ ಕೆಲಸ ತಿಳಿಯುತ್ತಿತ್ತು. ಸಣ್ಣ ತೆರೆ ಬಂತು, ಏನೂ ಇಲ್ಲ. ಮತ್ತೊಂದು, ಏನೂ ಇಲ್ಲ. ದೊಡ್ಡದೊಂದು ಬಂತು, ಎಡ ಬಲ ಎರಡೂ ಒಟ್ಟಿಗೆ ಎದ್ದವು, ಒಟ್ಟಿಗೆ ಮಲಗಿದವು. ಸಂಜೀವನ ತಲೆಯೂ ಹೀಗೇ ನಡೆಯುತ್ತಿರಬೇಕು. ಅವನು ಕಾಯುತ್ತಿರುವುದು ಹೆದರಿಕೆಯಿಂದಲ್ಲ. ಮೂರು ಕಡೆಯ ತೆರೆ ಒಂದನ್ನೊಂದು ತಿಂದು ಮುಗಿಸುವ ಗಳಿಗೆಗೆ. ತಳಕ್ಕೆ ಅದರ ಕೆಲಸ ಗೊತ್ತು, ತಾಂಡೇಲನಿಗೆ ಅವನದು ಗೊತ್ತು. ನಾನು ಕಟ್ಟುವುದನ್ನು ಕಟ್ಟಿ ಮುಗಿಸಿದ್ದೆ. ಮಾಡಲು ನನಗೇನೂ ಉಳಿದಿರಲಿಲ್ಲ. ಇಂಥದೊಂದು ನಿರಾಳ ಇದೆ ಎಂದು ಐವತ್ತೆರಡು ವರ್ಷಕ್ಕೆ ಮೊದಲ ಸಲ ತಿಳಿಯಿತು. ಉಸಿರು ಬಿಟ್ಟೆ.

"ನೂರ್ ಹದಿನೆಂಟ್," ಎಂದಳು ಗುಲಾಬಿ. ಅವಳ ಸ್ವರ ಬೇರೆಯಾಗಿತ್ತು. "ನೂರ್ ಒಂಬತ್ತ್."

ಎಂಜಿನ್ ಗರ್ಜಿಸಿತು. ಬೋಟು ಬಲಕ್ಕೆ ಬಾಗಿ, ಅಂಚಿನ ಮೇಲೆ ನೀರನ್ನು ಕಡಿದು ಬಿಸಾಡುತ್ತ, ಅಳಿವೆಯೊಳಗೆ ನೂಲು ಹಿಡಿದ ಹಾಗೆ ಹೋಯಿತು.

ಧಕ್ಕೆ ಮುಟ್ಟಿದಾಗ ಹತ್ತೊಂಬತ್ತು ನಿಮಿಷ ನಲವತ್ತೊಂದು ಸೆಕೆಂಡು. ಮಹಾನಂದಾ ಹಗ್ಗ ಹಿಡಿದು ಕಟ್ಟಲು ಬಾರದೆ ಕೈಗೆ ಸುತ್ತಿಕೊಂಡಿದ್ದಳು. ಜಯದೇವಪ್ಪ ಮುಖ ಒರೆಸಿಕೊಂಡು ನಮೂನೆ ತೆರೆದರು.

"ಸಮಯ ಸರಿ ಇದೆ. ಪೆಟ್ಟೂ ಸರಿ ಇದೆ," ಎಂದರು. "ಆದರೆ ಅಳಿವೆಯಲ್ಲಿ ಬೋಟು ನಿಲ್ಲಿಸಿದ್ದೀರಿ. ನಮೂನೆಯಲ್ಲಿ ನಿಲ್ಲಿಸುವುದಕ್ಕೆ ಕಾಲಂ ಇಲ್ಲ. ಇದನ್ನು ಓಟ ಎನ್ನಬಹುದೋ ಇಲ್ಲವೋ, ನಾನು ಮೇಲಿನವರಿಗೆ ಬರೆದು ಕೇಳಬೇಕಾಗುತ್ತದೆ."

ಏಳಲು ನೋಡಿದೆ. ಬೆಲ್ಟುಗಳು ಬಿಡಲಿಲ್ಲ. ಯಂತ್ರ ಮತ್ತೆ ಕೂಗಿತು.

"ನೂರ್ ಇಪ್ಪತ್ತೆರಡ್," ಎಂದಳು ಗುಲಾಬಿ, ಜಯದೇವಪ್ಪನವರ ಮುಖವನ್ನೇ ನೋಡುತ್ತ. "ಸಾರ್, ಓಟ ಯಾವಾಗ ಮುಗಿಯುತ್ತದೆ ಅಂತ ಬರ್ದಿತ್ತ್ ನಿಮ್ಮ ಕಾಗ್ದದಲ್ಲಿ?"

"ಅಧಿಕಾರಿ ಸಹಿ ಹಾಕಿದಾಗ."

"ಹಾಂಗಾರೆ ಇನ್ನೂ ನಡೀತಾ ಇತ್ತ್. ನೂರ್ ಇಪ್ಪತ್ತಾರ್. ಕಡಲಲ್ಲಿ ಏರಿದ್ ಅಲ್ಲೇ ಇಳ್ದಿತ್ತ್ ಸಾರ್, ಈಗ ಏರ್ತಾ ಇಪ್ಪುದ್ ನಿಮ್ ಮಾತಿಗೆ. ನೂರ್ ಮೂವತ್ತ್ ದಾಟಿದ್ರೆ ಕಾರಣ ಬರೆಯುದ್ ನಾನ್. ಪುಸ್ತಕ ತಂದಿದ್ದೆ. ಯಾರ ಹೆಸ್ರ್ ಬರೀಲಿ?"

ಜಯದೇವಪ್ಪ ನನ್ನ ಮುಖ ನೋಡಿದರು. ಅದು ಯಾವ ಬಣ್ಣಕ್ಕೆ ತಿರುಗಿತ್ತೋ, ಜೇಬಿನಿಂದ ಪೆನ್ನು ತೆಗೆದರು. ಮಳೆಹನಿಗೆ ಅದು ಬರೆಯಲಿಲ್ಲ. ಮಹಾನಂದಾ ಹಗ್ಗ ಸುತ್ತಿದ ಕೈಯಲ್ಲೇ ತನ್ನ ಪೆನ್ನು ಕೊಟ್ಟಳು. ಸಹಿ ಬಿತ್ತು. ಯಂತ್ರ ನೂರ ಇಪ್ಪತ್ತೊಂಬತ್ತು ತೋರಿಸುತ್ತಿತ್ತು.

"ಬೆಲ್ಟ್ ಬಿಚ್ಚ್," ಎಂದೆ ನಾನು.

ಗುಲಾಬಿ ನಮೂನೆಯ ನಮ್ಮ ಪಾಲಿನ ಪ್ರತಿಯನ್ನು ಎರಡು ಸಲ ಓದಿ, ಮಡಚಿ, ರವಿಕೆಯೊಳಗೆ ಇಟ್ಟುಕೊಂಡಳು.

"ತಡೀನಿ," ಎಂದಳು. "ಸಾರ್ ಧಕ್ಕೆ ಹತ್ತಿ ರಸ್ತೆ ದಾಟ್ಲಿ. ಆಮೇಲ್ ಬಿಚ್ತೆ."